ಹಳೆಯ ಕಾರಿಗೆ ಬೇರೆ ಸೀಟು ಹಾಕಿದ ಮೇಲೆ: ಅಲುಗಾಟ, ಸದ್ದು, ಬೆಲ್ಟ್ ತಕರಾರು ಪತ್ತೆ ಹಚ್ಚುವ ಬಗೆ

ಮಾರುತಿ 800, ಝೆನ್, ಎಸ್ಟೀಮ್, ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್ ಮುಂತಾದ ಹಳೆಯ ಗಾಡಿಗಳಿಗೆ ಬೇರೆ ಕಾರಿನ ಸೀಟು ಕೂರಿಸಿದ ಮೇಲೆ ಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಥರ. ಬ್ರೇಕ್ ತುಳಿದಾಗ ಸೀಟು ‘ಟಕ್’ ಎಂದು ಮುಂದೆ ಬರುತ್ತದೆ. ರೇಲ್, ಅಂದರೆ ಸೀಟು ಹಿಂದೆಮುಂದೆ ಜಾರುವ ಹಳಿ, ಒಂದು ಬದಿ ಲಾಕ್ ಆಗುತ್ತದೆ, ಇನ್ನೊಂದು ಬದಿ ಆಗುವುದಿಲ್ಲ. ಸೀಟಿನ ಬೆನ್ನು ಒಂದು ಕಡೆಗೆ ವಾಲುತ್ತದೆ. ಬಕಲ್ ಸೀಟಿನ ಸಂದಿನಲ್ಲಿ ಮುಳುಗಿಹೋಗುತ್ತದೆ. ಇದಕ್ಕೆಲ್ಲ ಪರಿಹಾರ ಹುಡುಕಿಕೊಂಡು ಕುಶನ್ ಅಂಗಡಿಗೆ ಹೋಗುವವರೇ ಜಾಸ್ತಿ. ಹೊಸ ಫೋಮ್, ಹೊಸ ರೆಕ್ಸಿನ್, ಸಾವಿರಾರು ರೂಪಾಯಿ ಖರ್ಚು, ತಕರಾರು ಮಾತ್ರ ಇದ್ದಲ್ಲೇ ಇರುತ್ತದೆ. ಬದಲಿಸಿದ ಸೀಟಿನ ದೋಷ ಬಹುಪಾಲು ಸೀಟಿನಲ್ಲಿ ಇರುವುದಿಲ್ಲ. ಅದರ ಕೆಳಗಿನ ತಗಡು, ನಟ್ಟು, ಬ್ರಾಕೆಟ್, ರೇಲ್‌ಗಳಲ್ಲಿ ಇರುತ್ತದೆ. ಆದ್ದರಿಂದ ಹುಡುಕಾಟ ಕೆಳಗಿನಿಂದ ಮೇಲಕ್ಕೆ ನಡೆಯಬೇಕು. ನೆಲ, ಬೋಲ್ಟು, ಬ್ರಾಕೆಟ್, ರೇಲ್, ಫ್ರೇಮ್, ರಿಕ್ಲೈನರ್ (ಬೆನ್ನನ್ನು ಹಿಂದೆಮುಂದೆ ವಾಲಿಸುವ ಹಲ್ಲಿನ ಕೀಲು), ಸ್ಪ್ರಿಂಗ್, ಕಟ್ಟಕಡೆಗೆ ಫೋಮ್.

ಬೇಕಾಗುವ ಸಾಮಾನು ದೊಡ್ಡದೇನಲ್ಲ. 12, 14, 17ರ ಸಾಕೆಟ್‌ಗಳು, ಒಂದು ಟಾರ್ಕ್ ವ್ರೆಂಚ್ (ಬಿಗಿಯನ್ನು ಅಳೆದು ತೋರಿಸುವ ಸ್ಪ್ಯಾನರ್), ಸ್ಟೀಲ್ ಟೇಪು, ಗಾರೆಯವರು ಬಳಸುವ ತೆಳು ದಾರ, ಟಾರ್ಚ್, ಮೊಂಡಾದ ಹಳೆ ಸ್ಕ್ರೂಡ್ರೈವರ್, ಗುರುತು ಹಾಕಲು ಬಿಳಿ ಪೇಂಟ್ ಪೆನ್ನು. ಜೊತೆಗೆ ಸೀಟಿನ ಮೇಲೆ ಕೂತು ಅಲುಗಾಡಿಸಲು ಇನ್ನೊಬ್ಬರು.

ಅಲುಗಾಟ ಎಲ್ಲಿ ಹುಟ್ಟುತ್ತದೆ

ಸಹಾಯಕರನ್ನು ಸೀಟಿನಲ್ಲಿ ಕೂರಿಸಿ. ಎರಡೂ ಕಾಲು ಊರಿ, ಬೆನ್ನನ್ನು ಹಿಂದಕ್ಕೆ ಒತ್ತಿ ಬಿಟ್ಟು ಮಾಡಲಿ. ನೀವು ಬಾಗಿಲ ಬಳಿ ಕೂತು ಒಂದೊಂದು ಸಂದಿಯ ಮೇಲೂ ಬೆರಳಿಡುತ್ತಾ ಬನ್ನಿ. ಒಂದು ಸಂದಿಗೆ ಅಡ್ಡಲಾಗಿ ಬೆರಳಿಟ್ಟರೆ ಬೆರಳಿನ ಅರ್ಧ ಒಂದು ಭಾಗದ ಮೇಲೆ, ಉಳಿದರ್ಧ ಇನ್ನೊಂದರ ಮೇಲೆ ಇರುತ್ತದೆ. ಎರಡರ ನಡುವೆ ಕಾಲು ಮಿಲಿಮೀಟರ್ ಚಲನೆ ಇದ್ದರೂ ಬೆರಳಿಗೆ ತಿಳಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ.

ನೋಡಬೇಕಾದ ಸಂದಿಗಳು ಐದು: ನೆಲಕ್ಕೂ ಬ್ರಾಕೆಟ್‌ಗೂ ನಡುವೆ, ಬ್ರಾಕೆಟ್‌ಗೂ ಕೆಳಗಿನ ರೇಲ್‌ಗೂ ನಡುವೆ, ಕೆಳಗಿನ ರೇಲ್‌ಗೂ ಮೇಲಿನ ರೇಲ್‌ಗೂ ನಡುವೆ, ಮೇಲಿನ ರೇಲ್‌ಗೂ ಸೀಟಿನ ಫ್ರೇಮ್‌ಗೂ ನಡುವೆ, ಫ್ರೇಮ್‌ಗೂ ಬೆನ್ನಿನ ಭಾಗಕ್ಕೂ ನಡುವೆ. ಎಲ್ಲ ಬಿಗಿಯಾಗಿದ್ದು ತಗಡೇ ಉಬ್ಬಿ ತಗ್ಗುತ್ತಿದ್ದರೆ ಅದು ಆರನೆಯದು, ಎಲ್ಲಕ್ಕಿಂತ ಕೆಟ್ಟದ್ದು. ಅಂಗೈಯನ್ನು ಬೋಲ್ಟಿನ ಪಕ್ಕದ ನೆಲಕ್ಕೆ ಒತ್ತಿ ಹಿಡಿದರೆ ಗೊತ್ತಾಗುತ್ತದೆ. ಆಗ ಕಾರ್ಪೆಟ್ ತೆಗೆಯದೆ ಮುಂದೆ ಹೋಗಬೇಡಿ.

ನೆಲದ ತಗಡು

ಕಾರ್ಪೆಟ್ ಮತ್ತು ಅದರ ಕೆಳಗಿನ ಫೆಲ್ಟ್ ಪೂರ್ತಿ ಎತ್ತಿ. ಸೀಟಿನ ಕಾಲು ಕೂರುವ ಅಡ್ಡ ತೊಲೆ, ಬಾಗಿಲ ಬದಿಯ ಸಿಲ್ (ಬಾಗಿಲ ಕೆಳಗಿನ ಹೊಸ್ತಿಲು), ಗೇರ್ ಸುರಂಗದ (ನೆಲದ ನಡುವಿನ ಉದ್ದ ಉಬ್ಬು) ಪಕ್ಕ, ಈ ಮೂರು ಜಾಗಗಳನ್ನು ಸ್ಕ್ರೂಡ್ರೈವರ್‌ನಿಂದ ಗಟ್ಟಿಯಾಗಿ ಚುಚ್ಚಿ. ಒಳ್ಳೆಯ ತಗಡು ‘ಠಣ್’ ಎನ್ನುತ್ತದೆ. ತುಕ್ಕು ತಿಂದದ್ದು ಮಂದವಾಗಿ ಸದ್ದು ಮಾಡುತ್ತದೆ, ಇಲ್ಲವೇ ಸ್ಕ್ರೂಡ್ರೈವರ್ ಒಳಗೇ ಹೋಗುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆ ಓಡಿದ ಗಾಡಿಯಾದರೆ ಮೇಲಿನ ಬಣ್ಣ ನೋಡಿ ನಂಬಬೇಡಿ. ಉಪ್ಪುಗಾಳಿಯ ತುಕ್ಕು ಅಡ್ಡ ತೊಲೆಯ ಒಳಗಿನಿಂದ ಹೊರಕ್ಕೆ ಬರುತ್ತದೆ, ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಮುಗಿದಿರುತ್ತದೆ.

ಫೆಲ್ಟ್ ಒದ್ದೆ ಇದ್ದರೆ ನೀರಿನ ದಾರಿಯನ್ನೂ ಹುಡುಕಬೇಕು. ಹಳೆಯ ಕಾರುಗಳಲ್ಲಿ ಸಾಮಾನ್ಯ ದಾರಿಗಳು ಮೂರು: ಗಟ್ಟಿಯಾಗಿ ಬಿರುಕುಬಿಟ್ಟ ಮುಂದಿನ ಗಾಜಿನ ರಬ್ಬರ್, ಬಾಗಿಲ ತಳದಲ್ಲಿ ಮಣ್ಣು ಕಟ್ಟಿ ಮುಚ್ಚಿಹೋದ ನೀರಿನ ತೂತು, ಸೋರುವ ಹೀಟರ್. ಹೀಟರಿನದಾದರೆ ನೀರು ಅಂಟಂಟಾಗಿ ಸಿಹಿವಾಸನೆ ಇರುತ್ತದೆ. ಸೋರಿಕೆ ನಿಲ್ಲಿಸದೆ ಪ್ಯಾಚ್ ಹೊಡೆಸಿದರೆ ಎರಡು ಮಳೆಗಾಲದಲ್ಲಿ ಮತ್ತೆ ಅದೇ ಪಾಡು.

ಕೊಳೆತ ತಗಡಿನ ಮೇಲೆ ಇನ್ನೊಂದು ತಗಡು ಹೊದಿಸಿ ಬೆಸೆಯುವುದು ಟಿಂಕರಿಂಗ್ ಶೆಡ್ಡುಗಳಲ್ಲಿ ರೂಢಿ. ಸೀಟಿನ ಜಾಗದಲ್ಲಿ ಇದಕ್ಕೆ ಒಪ್ಪಬೇಡಿ. ಕೊಳೆತದ್ದನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ತೆಗೆದು, ಅದೇ ದಪ್ಪದ ಹೊಸ ತಗಡು ಕೂರಿಸಿ, ಬೋಲ್ಟ್ ಜಾಗದಲ್ಲಿ ಒಳಗಡೆಯಿಂದ ಪ್ಲೇಟು ಕೊಡಬೇಕು. ಪ್ಲೇಟಿನ ಅಳತೆಗೆ ಒಳ್ಳೆಯ ಆಧಾರವೆಂದರೆ ಅಂತಾರಾಷ್ಟ್ರೀಯ ಮೋಟಾರು ಕ್ರೀಡೆಯ ಒಕ್ಕೂಟ ಎಫ್‌ಐಎ ರೇಸ್ ಕಾರುಗಳಿಗೆ ಇಟ್ಟಿರುವ ನಿಯಮ: ಒಂದು ಸೀಟಿಗೆ ಕನಿಷ್ಠ 4 ಜಾಗದಲ್ಲಿ ಹಿಡಿತ, 8 ಮಿಮೀಗೆ ಕಡಿಮೆಯಿಲ್ಲದ ಬೋಲ್ಟು, ಉಕ್ಕಿನ ಪ್ಲೇಟಾದರೆ 3 ಮಿಮೀ ದಪ್ಪ, ಒಂದೊಂದು ಜಾಗದಲ್ಲೂ 40 ಚದರ ಸೆಂಮೀ ಸಂಪರ್ಕ. 65 ಮಿಮೀ ಚೌಕದ ಪ್ಲೇಟು ಈ ಲೆಕ್ಕಕ್ಕೆ ಸರಿಹೋಗುತ್ತದೆ. ಮೂಲೆಗಳನ್ನು ಗುಂಡಗೆ ಮಾಡಿಸಿ, ಚೂಪು ಮೂಲೆ ತಗಡನ್ನು ಸೀಳುತ್ತದೆ.

ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ಬಿಚ್ಚಬೇಕು, ಫೆಲ್ಟ್ ಮತ್ತು ನೆಲದ ಡಾಂಬರು ಹಾಳೆಯನ್ನು ಕೆರೆದು ತೆಗೆಯಬೇಕು. ಕಾರಿನಡಿ ಮಲಗಿ ಬ್ರೇಕ್ ಪೈಪು, ಪೆಟ್ರೋಲ್ ಪೈಪು ಎಲ್ಲಿ ಹಾದಿವೆ ನೋಡಲೇಬೇಕು. ಡ್ರಿಲ್ ಮಾಡುವಾಗಲೂ ಇದೇ ಎಚ್ಚರ. ಮೇಲಿನಿಂದ ಕೊರೆದ ತೂತು ಸೀದಾ ಬ್ರೇಕ್ ಪೈಪಿಗೆ ಇಳಿದ ಪ್ರಕರಣಗಳು ಶೆಡ್ಡುಗಳಲ್ಲಿ ಅಪರೂಪವೇನಲ್ಲ.

ಬೋಲ್ಟ್ ಬಿಗಿಯಾಗಿದೆ, ಸೀಟು ಮಾತ್ರ ಅಲುಗುತ್ತದೆ

ಇದಕ್ಕೆ ಕಾರಣ ಮೂರು.

ಮೊದಲನೆಯದು, ಬೋಲ್ಟು ತಳ ಮುಟ್ಟಿರುವುದು. ಉದ್ದದ ಬೋಲ್ಟು ಹಾಕಿದಾಗ ನೂಲು (ಬೋಲ್ಟಿನ ಮೇಲಿನ ಸುರುಳಿ ಗೆರೆ) ಮುಗಿದು ನುಣುಪು ಭಾಗ ನಟ್ಟಿಗೆ ಸಿಕ್ಕಿಕೊಳ್ಳುತ್ತದೆ, ಅಥವಾ ತುದಿ ತೊಲೆಯ ಆಚೆ ಗೋಡೆಗೆ ಬಡಿಯುತ್ತದೆ. ಸ್ಪ್ಯಾನರ್‌ಗೆ ಬಿಗಿ ಎನಿಸುತ್ತದೆ, ಆದರೆ ತಲೆಯ ಕೆಳಗೆ ಒತ್ತಡವೇ ಇರುವುದಿಲ್ಲ. ಬೋಲ್ಟ್ ತಲೆಯ ಕೆಳಗಿನ ವಾಷರನ್ನು ಉಗುರಿನಿಂದ ತಿರುಗಿಸಿ ನೋಡಿ. ತಿರುಗಿದರೆ ಇದೇ ದೋಷ.

ಎರಡನೆಯದು ಇದರ ವಿರುದ್ಧ: ಹೊಸ ಸೀಟನ್ನು ಹಳೆಯ ತೂತುಗಳಿಗೆ ಹೊಂದಿಸಲು 5 ಮಿಮೀ ಅಡಾಪ್ಟರ್ ಪ್ಲೇಟು ಹಾಕಿ ಹಳೆಯ ಬೋಲ್ಟನ್ನೇ ಬಳಸಿರುತ್ತಾರೆ, ಹಿಡಿಯಲು ಮೂರ್ನಾಲ್ಕು ಸುತ್ತು ನೂಲು ಮಾತ್ರ ಉಳಿದಿರುತ್ತದೆ. ಎಂ8 (ಅಂದರೆ 8 ಮಿಮೀ ದಪ್ಪದ) ಬೋಲ್ಟಿಗೆ ಕನಿಷ್ಠ 8 ಮಿಮೀ, ಎಂ10ಕ್ಕೆ 10 ಮಿಮೀ ನೂಲು ಕಚ್ಚಿರಬೇಕು. ತಗಡಿಗೇ ಬೆಸೆದಿರುವ ವೆಲ್ಡ್ ನಟ್ಟಿಗೆ ಅಷ್ಟು ದಪ್ಪ ಇಲ್ಲದಿದ್ದರೆ ಬೋಲ್ಟು ನಟ್ಟನ್ನು ಪೂರ್ತಿ ದಾಟಿ ಎರಡು ಸುತ್ತು ಹೊರಗೆ ಬಂದಿರಬೇಕು. ಬಿಚ್ಚಿದ ಬೋಲ್ಟಿನಲ್ಲಿ ಹೊಳೆಯುವ ಭಾಗದ ಉದ್ದ ಅಳೆದರೆ ಎಷ್ಟು ಕಚ್ಚಿತ್ತು ಎಂಬುದು ಸಿಗುತ್ತದೆ.

ಮೂರನೆಯದು, ತೊಲೆಯೊಳಗೆ ಬೆಸೆದಿರುವ ನಟ್ಟು ಕಿತ್ತುಬಂದು ಬೋಲ್ಟಿನ ಜೊತೆಗೇ ತಿರುಗುವುದು. ತುಕ್ಕು ಹಿಡಿದ ಬೋಲ್ಟನ್ನು ಎಣ್ಣೆ ಬಿಡದೆ ಉದ್ದ ಹಿಡಿ ಹಾಕಿ ತಿರುಗಿಸಿದರೆ ಹೀಗಾಗುತ್ತದೆ. ಸೆಲ್ಫ್ ಸ್ಕ್ರೂ ಹೊಡೆಯುವುದಾಗಲಿ, ರಿವೆಟ್ ನಟ್ಟು ಕೂರಿಸುವುದಾಗಲಿ ಪರಿಹಾರವಲ್ಲ. ಸೀಟಿನ ಭಾರಕ್ಕೆ ತೆಳು ತಗಡಿನಲ್ಲಿ ಎರಡೂ ನಿಲ್ಲುವುದಿಲ್ಲ. ತೊಲೆಯ ಪಕ್ಕದಲ್ಲಿ ಕಿಟಕಿ ಕತ್ತರಿಸಿ, 3 ಮಿಮೀ ಪ್ಲೇಟಿಗೆ ಬೆಸೆದ ಹೊಸ ನಟ್ಟನ್ನು ಒಳಗಿಟ್ಟು, ಪ್ಲೇಟಿನ ಸುತ್ತ ಬೆಸೆದು, ಕಿಟಕಿ ಮುಚ್ಚಿ, ಪ್ರೈಮರ್ ಹೊಡೆಯಬೇಕು. ಅರ್ಧ ದಿನದ ಕೆಲಸ, ಅಡ್ಡದಾರಿ ಇಲ್ಲ.

ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂಬ ಬಲದ ದರ್ಜೆಯ ಗುರುತು ಇರಲೇಬೇಕು. ಗುರುತಿಲ್ಲದ ಹಾರ್ಡ್‌ವೇರ್ ಅಂಗಡಿಯ ಬೋಲ್ಟು ಗೇಟಿಗೆ ಸಾಕು, ಸೀಟಿಗೆ ಸಾಲದು. ಹೊಳಪಿನ ಆಸೆಗೆ ಸ್ಟೇನ್‌ಲೆಸ್ ಹಾಕುವವರಿದ್ದಾರೆ. ಸಾಮಾನ್ಯ ಸ್ಟೇನ್‌ಲೆಸ್ ಬೋಲ್ಟು 8.8ಕ್ಕಿಂತ ಬೇಗ ಎಳೆದುಕೊಳ್ಳುತ್ತದೆ, ಮೇಲಾಗಿ ನೂಲು ಕಚ್ಚಿಕೊಂಡು ಬಿಚ್ಚಲು ಬಾರದಂತಾಗುತ್ತದೆ. 8.8 ದರ್ಜೆಯ ಎಂ8ಕ್ಕೆ ಸುಮಾರು 25 ನ್ಯೂಟನ್ ಮೀಟರ್, ಎಂ10ಕ್ಕೆ 45ರಿಂದ 50 ನ್ಯೂಟನ್ ಮೀಟರ್ ಬಿಗಿ ಸಾಕು. ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಪಾಲಿಸಿ.

ಎತ್ತರ ಹೊಂದಿಸಲು ಆರೆಂಟು ವಾಷರ್ ಪೇರಿಸುವ ಚಾಳಿ ಬಿಡಿ. ಪೇರಿಸಿದ ವಾಷರ್‌ಗಳು ಒಂದರ ಮೇಲೊಂದು ಜಾರುತ್ತವೆ, ಬೋಲ್ಟು ಬಾಗುತ್ತದೆ, ಬಿಗಿ ತಾನಾಗಿಯೇ ಸಡಿಲವಾಗುತ್ತದೆ. 3 ಮಿಮೀವರೆಗೆ ಒಂದೇ ದಪ್ಪ ವಾಷರು, ಅದಕ್ಕೂ ಮೇಲಾದರೆ ದಪ್ಪ ಗೋಡೆಯ ಉಕ್ಕಿನ ಬುಷ್ (ಕೊಳವೆಯ ತುಂಡು), 20 ಮಿಮೀ ದಾಟಿದರೆ 25×25×3 ಮಿಮೀ ಚೌಕ ಪೈಪಿನಲ್ಲಿ ಬ್ರಾಕೆಟ್. ಅಲ್ಯೂಮಿನಿಯಂ ಆಂಗಲ್ ಈ ಕೆಲಸಕ್ಕೆ ಬೇಡ.

ರೇಲ್ ಒಂದು ಬದಿ ಮಾತ್ರ ಲಾಕ್ ಆಗುವುದು, ಅಥವಾ ಜಾರದೆ ಬಿಗಿಯುವುದು

ಬದಲಿ ಸೀಟುಗಳಲ್ಲಿ ಅತಿ ಹೆಚ್ಚು ಕಾಣುವ ದೋಷ ಇದು, ಅಷ್ಟೇ ಅಪಾಯದ್ದು ಕೂಡ. ಒಂದೇ ರೇಲ್ ಹಿಡಿದಿರುವಾಗ ಜೋರು ಬ್ರೇಕಿಗೆ ಸೀಟು ತಿರುಚಿಕೊಂಡು ಆ ಒಂದು ಲಾಕೂ ಹಾರಬಹುದು.

ಪರೀಕ್ಷೆ ಸುಲಭ. ನಾಲ್ಕೂ ಬೋಲ್ಟುಗಳನ್ನು ಒಂದೊಂದು ಸುತ್ತು ಸಡಿಲಿಸಿ ಸೀಟು ಜಾರಿಸಿ. ಈಗ ಸಲೀಸಾಗಿ ಜಾರಿ ಎರಡೂ ಬದಿ ‘ಕಟ್’ ಎಂದು ಲಾಕ್ ಆದರೆ ರೇಲ್‌ಗಳಲ್ಲಿ ಏನೂ ದೋಷವಿಲ್ಲ, ಕೂರಿಸಿದ ಜಾಗ ತಿರುಚಿದೆ. ಸಡಿಲಿಸಿದ ಮೇಲೂ ಬಿಗಿಯಿದ್ದರೆ ರೇಲ್ ಬಾಗಿದೆ, ಒಳಗಿನ ಗುಂಡು ಅಥವಾ ರೋಲರ್ ಸವೆದಿದೆ, ಇಲ್ಲವೇ ಒಳಗೆ ನಾಣ್ಯ, ಕಡಲೆಕಾಯಿ ಸಿಪ್ಪೆ, ಮಕ್ಕಳ ಪೆನ್ಸಿಲ್ ತುಂಡು ಸೇರಿಕೊಂಡಿದೆ. ಕೊನೆಯದನ್ನೇ ಮೊದಲು ನೋಡಿ.

ಜಾಗ ತಿರುಚಿದೆ ಎಂದು ತಿಳಿದ ಮೇಲೆ ಎರಡು ಅಳತೆ ಬೇಕು. ಸಮಾಂತರ ಇದೆಯೇ, ನಾಲ್ಕೂ ಮೂಲೆ ಒಂದೇ ಸಮತಲದಲ್ಲಿವೆಯೇ.

ಸಮಾಂತರಕ್ಕೆ, ಸೀಟು ಬಿಚ್ಚಿ ಬ್ರಾಕೆಟ್‌ಗಳನ್ನು ಮಾತ್ರ ಬಿಗಿದು, ಎಡಬಲ ತೂತುಗಳ ನಡುವಿನ ದೂರವನ್ನು ಮುಂದೆಯೂ ಹಿಂದೆಯೂ ಅಳೆಯಿರಿ. ಸೀಟಿನ ರೇಲ್‌ಗಳಲ್ಲಿ ಇರುವ ದೂರಕ್ಕೆ 1 ಮಿಮೀ ಒಳಗೆ ಸರಿಹೊಂದಬೇಕು. ಆಮೇಲೆ ಕರ್ಣ: ಮುಂದಿನ ಎಡದಿಂದ ಹಿಂದಿನ ಬಲಕ್ಕೆ, ಮುಂದಿನ ಬಲದಿಂದ ಹಿಂದಿನ ಎಡಕ್ಕೆ. ಎಡಬಲದ ಕಾಲುಗಳು ಒಂದೇ ಸಾಲಿನಲ್ಲಿರುವ ಸೀಟಾದರೆ ಎರಡು ಕರ್ಣಗಳ ವ್ಯತ್ಯಾಸ 2 ಮಿಮೀ ದಾಟಬಾರದು. ದಾಟಿದರೆ ಒಂದು ರೇಲ್ ಇನ್ನೊಂದಕ್ಕಿಂತ ಮುಂದೆ ಕೂತಿದೆ, ಹಲ್ಲುಗಳು ಒಟ್ಟಿಗೆ ಬೀಳುವುದಿಲ್ಲ. ತೂತನ್ನು ಫೈಲ್ ಹಾಕಿ ಅಗಲ ಮಾಡುವುದಕ್ಕಿಂತ ಬ್ರಾಕೆಟ್ಟನ್ನೇ ಸರಿಸಿ ಬೆಸೆಯುವುದು ಮೇಲು.

ಸಮತಲದ ಪರೀಕ್ಷೆಗೆ ದಾರ. ಇಲ್ಲಿ ಒಂದು ಮಾತು: ಹಳೆಯ ಕಾರುಗಳ ನೆಲದಲ್ಲಿ ನಾಲ್ಕು ಜಾಗಗಳೂ ಒಂದೇ ಎತ್ತರದಲ್ಲಿ ಇರಬೇಕೆಂದಿಲ್ಲ. ಸುರಂಗದ ಬದಿಯದು ಒಂದು ಎತ್ತರ, ಸಿಲ್ ಬದಿಯದು ಇನ್ನೊಂದು, ಹಿಂದಿನದು ಮತ್ತೂ ಬೇರೆ. ಮೂಲ ಸೀಟಿನ ಕಾಲುಗಳನ್ನು ಅದಕ್ಕೆ ತಕ್ಕಂತೆ ಮಾಡಿರುತ್ತಾರೆ. ಹಾಗಾಗಿ ನೆಲವನ್ನಲ್ಲ, ರೇಲ್ ಕೂರುವ ಮೇಲ್ಮೈಯನ್ನು ಅಳೆಯಬೇಕು. ನಾಲ್ಕೂ ಮೂಲೆಗೆ ಒಂದೇ ದಪ್ಪದ ತುಂಡುಗಳನ್ನಿಟ್ಟು, ಅವುಗಳ ಮೇಲೆ ಕರ್ಣಕ್ಕೆ ಎರಡು ದಾರಗಳನ್ನು ಬಿಗಿಯಾಗಿ ಎಳೆಯಿರಿ. ನಡುವೆ ಅವು ಒಂದನ್ನೊಂದು ಸವರಿಕೊಂಡಿದ್ದರೆ ಸಮತಲ ಸರಿಯಿದೆ. ನಡುವೆ 2 ಮಿಮೀ ಸಂದು ಕಂಡರೆ ಮೂಲೆಯೊಂದರಲ್ಲಿ ಅದರ ಎರಡರಷ್ಟು, ಅಂದರೆ 4 ಮಿಮೀ, ವ್ಯತ್ಯಾಸ ಇದೆ. ತಗ್ಗಿರುವ ದಾರದ ಒಂದು ತುದಿಗೆ ಅಷ್ಟು ದಪ್ಪದ ಶಿಮ್ (ಎತ್ತರ ಹೊಂದಿಸುವ ತುಂಡು) ಕೊಟ್ಟರೆ ಸರಿಹೋಗುತ್ತದೆ. ಮೇಲಿನ ದಾರ ಕೆಳಗಿನದನ್ನು ಒತ್ತಿ ಬಾಗಿಸುತ್ತಿದ್ದರೆ ದಾರಗಳ ಸರದಿ ಬದಲಿಸಿ ಮತ್ತೆ ನೋಡಿ. 1 ಮಿಮೀವರೆಗಿನ ವ್ಯತ್ಯಾಸವನ್ನು ರೇಲ್ ಸಹಿಸುತ್ತದೆ.

ಮತ್ತೆ ಕೂರಿಸುವ ಕ್ರಮಕ್ಕೂ ಬೆಲೆಯಿದೆ. ಸೀಟನ್ನು ತಲೆಕೆಳಗು ಮಾಡಿ ಎರಡೂ ರೇಲ್‌ಗಳು ಒಂದೇ ಹಲ್ಲಿನಲ್ಲಿ ನಿಂತಿವೆಯೇ ಎಣಿಸಿ. ಒಂದು ಹಲ್ಲು ಹಿಂದುಮುಂದಾದರೂ ಸೀಟು ಓರೆಯಾಗಿ ಕೂರುತ್ತದೆ. ನಾಲ್ಕೂ ಬೋಲ್ಟು ಕೈಯಲ್ಲೇ ಹಾಕಿ. ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ ಮುಂದಿನ ಎರಡನ್ನು ಅರ್ಧ ಬಿಗಿಮಾಡಿ, ಪೂರ್ತಿ ಮುಂದಕ್ಕೆ ಎಳೆದು ಹಿಂದಿನ ಎರಡನ್ನು ಅರ್ಧ ಬಿಗಿಮಾಡಿ, ಎರಡು ಮೂರು ಸಲ ಜಾರಿಸಿ, ಆಮೇಲೆ ಪೂರ್ತಿ ಟಾರ್ಕ್ ಕೊಡಿ. ಒಂದೇ ಬೋಲ್ಟನ್ನು ಮೊದಲೇ ಪೂರ್ತಿ ಬಿಗಿದುಬಿಟ್ಟರೆ ಉಳಿದ ಮೂರು ಅದರ ತಪ್ಪಿಗೆ ಹೊಂದಿಕೊಳ್ಳುತ್ತವೆ.

ಕೂರಿಸಿದ ಮೇಲೂ ಒಂದು ಬದಿ ಲಾಕ್ ಬೀಳದಿದ್ದರೆ ಸೀಟಿನಡಿ ಎರಡು ಲಾಕ್‌ಗಳನ್ನು ಜೋಡಿಸುವ ತಂತಿ ಅಥವಾ ಸರಳನ್ನು ನೋಡಿ. ಹಿಡಿ ಬಿಟ್ಟಾಗಲೂ ತಂತಿ ಎಳೆದುಕೊಂಡೇ ಇದ್ದರೆ ಆ ಬದಿಯ ನಾಲಿಗೆ ಪೂರ್ತಿ ಇಳಿಯುವುದಿಲ್ಲ. ಅಗಲ ಹೊಂದಿಸಲು ಸೀಟಿನ ರೇಲ್‌ಗಳನ್ನು ದೂರಕ್ಕೆ ಸರಿಸಿ ಬೆಸೆದು, ತಂತಿಯನ್ನು ಹಳೆಯ ಉದ್ದದಲ್ಲೇ ಬಿಟ್ಟಿದ್ದರೆ ಹೀಗಾಗುತ್ತದೆ. ಹಿಡಿ ಬಿಟ್ಟ ಸ್ಥಿತಿಯಲ್ಲಿ ತಂತಿಯಲ್ಲಿ 2 ಮಿಮೀ ಸಡಿಲ ಇರಬೇಕು.

ರೇಲ್‌ಗೆ ಎಂಜಿನ್ ಆಯಿಲ್ ಹಾಕಬೇಡಿ, ಧೂಳು ಕಟ್ಟಿ ಒಂದೇ ತಿಂಗಳಲ್ಲಿ ಉಜ್ಜುಕಾಗದದ ಹಾಗಾಗುತ್ತದೆ. ಹಳೆಯದನ್ನು ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ತೆಳುವಾಗಿ ಲಿಥಿಯಂ ಗ್ರೀಸ್ ಸವರಿ.

ಬೆಲ್ಟ್ ಮತ್ತು ಬಕಲ್

ಹಳೆಯ ಕಾರುಗಳಲ್ಲಿ ಬಕಲ್‌ನ ಕಾಂಡ ನೆಲಕ್ಕೆ ಅಥವಾ ಸುರಂಗಕ್ಕೆ ಬಿಗಿದಿರುತ್ತದೆ. ಹೊಸ ಕಾರುಗಳಲ್ಲಿ ಬಹಳಷ್ಟು ಕಡೆ ಬಕಲ್ ಸೀಟಿನ ಫ್ರೇಮಿಗೇ ಇರುತ್ತದೆ. ನೋಡಲು ಸಣ್ಣ ವ್ಯತ್ಯಾಸ, ಬಲದ ಲೆಕ್ಕದಲ್ಲಿ ಅಜಗಜಾಂತರ. ವಿಶ್ವಸಂಸ್ಥೆಯ 14ನೇ ವಾಹನ ನಿಯಮದ ಪರೀಕ್ಷೆಯಲ್ಲಿ ಕಾರಿನ ಮೂರು ಬಿಂದುಗಳ ಬೆಲ್ಟಿನ ಭುಜದ ಪಟ್ಟಿಯನ್ನೂ ಸೊಂಟದ ಪಟ್ಟಿಯನ್ನೂ ಒಂದೊಂದಕ್ಕೆ ಸುಮಾರು 13,500 ನ್ಯೂಟನ್‌ನಷ್ಟು, ಅಂದರೆ ಹತ್ತಿರ ಹತ್ತಿರ 1,350 ಕೆಜಿ ಭಾರದಷ್ಟು, ಎಳೆಯುತ್ತಾರೆ. ಬೆಲ್ಟಿನ ಹಿಡಿತ ಸೀಟಿಗೇ ಇದ್ದರೆ ಅದರ ಮೇಲೆ ಸೀಟಿನ ತೂಕದ 20 ಪಟ್ಟು ಬಲ ಸೇರಿಸುತ್ತಾರೆ. 15 ಕೆಜಿ ಸೀಟಾದರೆ ಇನ್ನೂ 300 ಕೆಜಿ ಭಾರದಷ್ಟು. ಹೊಸ ಸೀಟನ್ನು ಬಕಲ್ ಸಮೇತ ಹಳೆಯ ನೆಲಕ್ಕೆ ಬಿಗಿದರೆ, ಬರೀ ಸೀಟನ್ನು ಹಿಡಿಯಲೆಂದು ಮಾಡಿದ ಎಂ8 ಬೋಲ್ಟುಗಳ ಮೇಲೆ ಬಕಲ್ ಬದಿಯ ಎಳೆತವೂ ಬೀಳುತ್ತದೆ. ಆದ್ದರಿಂದ ಸೀಟು ಯಾವುದೇ ಇರಲಿ, ಬಕಲ್ ಗಾಡಿಯ ಮೂಲ ಜಾಗದಲ್ಲೇ ಉಳಿಯಲಿ. ಸೀಟಿನಲ್ಲಿ ಬಂದ ಬಕಲನ್ನು ಬಿಚ್ಚಿಡಿ.

ಬೆಲ್ಟಿನ ಬೋಲ್ಟು ಸಾಮಾನ್ಯವಾಗಿ 7/16 ಇಂಚಿನದು, ಇಂಚಿಗೆ 20 ನೂಲು. ಜಪಾನಿ ಮೂಲದ ಗಾಡಿಗಳಲ್ಲೂ ಅಷ್ಟೇ. ಎಂ10 ಬೋಲ್ಟು ಅದರೊಳಗೆ ಸಲೀಸಾಗಿ ಹೋಗಿ ಸಡಿಲವಾಗಿ ನಿಲ್ಲುತ್ತದೆ, ಎಂ12 ಬಲವಂತವಾಗಿ ತಿರುಗಿಸಿದರೆ ನೂಲು ಕೊಂದುಹಾಕುತ್ತದೆ. ಹಳೆಯ ಬೋಲ್ಟನ್ನೇ ಜೋಪಾನ ಮಾಡಿ. ಬಿಗಿ 35ರಿಂದ 45 ನ್ಯೂಟನ್ ಮೀಟರ್. ಬಿಗಿದ ಮೇಲೂ ಕಾಂಡ ತಿರುಗುವಂತೆ ಅದರಲ್ಲಿ ಮೆಟ್ಟಿಲಿನ ಬುಷ್ ಇರುತ್ತದೆ. ಅದು ತಿರುಗದಿದ್ದರೆ ವಾಷರ್‌ಗಳ ಸರದಿ ತಪ್ಪಿದೆ.

ಬಕಲ್ ಕುಶನ್ನಿನೊಳಗೆ ಮುಳುಗಿದರೆ ಹೊಸ ಸೀಟು ಅಗಲವಾಗಿದೆ ಅಥವಾ ಎತ್ತರ ಕೂತಿದೆ ಎಂದರ್ಥ. ಕಾಂಡಕ್ಕೆ ಪಟ್ಟಿ ಬೆಸೆದು ಉದ್ದ ಮಾಡುವುದು ಬೇಡವೇ ಬೇಡ. ಉದ್ದ ಕಾಂಡದ ಬಕಲನ್ನೇ ಹುಡುಕಿ. ಉದ್ದ ಅತಿಯಾದರೂ ಕಷ್ಟ: ಬಕಲ್ ಹೊಟ್ಟೆಯ ಮೇಲೆ ಬಂದರೆ ಪಟ್ಟಿ ಸೊಂಟದ ಮೂಳೆಯ ಮೇಲೆ ಕೂರುವುದಿಲ್ಲ. ಪಕ್ಕದಿಂದ ನೋಡಿದಾಗ ಸೊಂಟದ ಪಟ್ಟಿ ನೆಲಕ್ಕೆ 45ರಿಂದ 75 ಡಿಗ್ರಿ ಕೋನದಲ್ಲಿ ಇಳಿಯಬೇಕು. ಕುಶನ್ನಿನ ಮುಂತುದಿ ಹಿಂಭಾಗಕ್ಕಿಂತ ಎತ್ತರ ಇದೆಯೇ ಎಂಬುದನ್ನೂ ಜೊತೆಗೇ ನೋಡಿ. ಅಡಾಪ್ಟರಿನಿಂದ ಹಿಂದಿನ ಕಾಲುಗಳು ಮಾತ್ರ ಎದ್ದಿದ್ದರೆ ಡಿಕ್ಕಿಯಲ್ಲಿ ದೇಹ ಪಟ್ಟಿಯ ಕೆಳಗೆ ಜಾರುತ್ತದೆ, ಪಟ್ಟಿ ಹೊಟ್ಟೆಗೆ ಬಿಗಿಯುತ್ತದೆ.

ಬೆಲ್ಟ್ ಎಳೆದರೆ ಬರುವುದೇ ಇಲ್ಲ ಎಂಬ ದೂರಿಗೆ ಕಾರಣ ಹೆಚ್ಚಿನಂಶ ಬೆಲ್ಟ್ ಸುತ್ತಿಕೊಳ್ಳುವ ಸುರುಳಿ ಡಬ್ಬಿಯ ಕೋನ. ಒಳಗಿರುವ ಗುಂಡು ಅಥವಾ ಲೋಲಕ ವಾಲಿದರೆ ಲಾಕ್ ಬೀಳುತ್ತದೆ, ಅದರ ಕೆಲಸವೇ ಅದು. ಬೇರೆ ಗಾಡಿಯ ಬೆಲ್ಟನ್ನು ಈ ಗಾಡಿಯ ಬಾಗಿಲ ಪಕ್ಕದ ಕಂಬಕ್ಕೆ ಹಾಕಿದರೆ ಕೋನ ಬದಲಾಗಿ ಸದಾ ಲಾಕ್ ಆಗಿರುತ್ತದೆ. ಡಬ್ಬಿಯನ್ನು ಬಿಚ್ಚಿ ಕೈಯಲ್ಲಿ ಹಿಡಿದು ನಿಧಾನ ವಾಲಿಸುತ್ತಾ ಎಳೆಯಿರಿ. ಯಾವುದೋ ಒಂದು ಕೋನದಲ್ಲಿ ಸಲೀಸಾಗಿ ಬಂದರೆ ಡಬ್ಬಿ ಚೆನ್ನಾಗಿದೆ, ಜಾಗ ತಪ್ಪು. ಯಾವ ಕೋನದಲ್ಲೂ ಬರದಿದ್ದರೆ ಬದಲಿಸಿ. ಬಿಚ್ಚಿ ರಿಪೇರಿ ಮಾಡುವ ವಸ್ತು ಅದಲ್ಲ. ಅಪಘಾತದ ಗಾಡಿಯಿಂದ ಬಂದ ಬೆಲ್ಟು ಎಷ್ಟೇ ಹೊಸದಾಗಿ ಕಂಡರೂ ಬೇಡ, ಒಮ್ಮೆ ಎಳೆದುಕೊಂಡ ನೇಯ್ಗೆ ಮತ್ತೆ ಹಾಗೆ ತಡೆಯುವುದಿಲ್ಲ.

ಬೆನ್ನು ವಾಲುವುದು, ಜಾರುವುದು

ಹಳೆಯ ಸೀಟುಗಳಲ್ಲಿ ರಿಕ್ಲೈನರ್ ಒಂದೇ ಬದಿ ಇರುತ್ತದೆ, ಇನ್ನೊಂದು ಬದಿ ಬರೀ ಕೀಲು. ಕೀಲಿನ ಬುಷ್ ಸವೆದರೆ ಬೆನ್ನಿನ ಆ ಮೂಲೆ ಹಿಂದಕ್ಕೆ ಹೋಗುತ್ತದೆ. ಬೆನ್ನಿನ ಮೇಲ್ತುದಿಯ ಎರಡೂ ಮೂಲೆ ಹಿಡಿದು ಒಂದೊಂದನ್ನೇ ಅಲುಗಿಸಿದರೆ ಯಾವ ಬದಿ ಎಂದು ಸ್ಪಷ್ಟ. ಬುಷ್ ಬದಲಿಸಿದರೆ ಮುಗಿಯಿತು.

ಎರಡೂ ಬದಿ ರಿಕ್ಲೈನರ್ ಇರುವ ಸೀಟಿನಲ್ಲಿ ಬೆನ್ನು ತಿರುಚಿಕೊಂಡಿದ್ದರೆ ನಡುವಿನ ಸರಳು ಒಂದು ಹಲ್ಲು ಹಿಂದುಮುಂದಾಗಿ ಸೇರಿದೆ. ಕುಶನ್ ಕೆಲಸಕ್ಕೆಂದು ಬಿಚ್ಚಿ ಮತ್ತೆ ಜೋಡಿಸಿದ ಸೀಟುಗಳಲ್ಲಿ ಇದು ಪದೇ ಪದೇ ಕಾಣುತ್ತದೆ. ಸರಳು ಕಳಚಿ, ಎರಡೂ ಬದಿಯನ್ನು ಪೂರ್ತಿ ನೆಟ್ಟಗೆ ಮಾಡಿ, ಮತ್ತೆ ಸೇರಿಸಿ. ಹಲ್ಲೇ ಸವೆದು ಗುಂಡಿ ಬಿದ್ದರೆ ಬೆನ್ನು ‘ಕಟಕ್’ ಎಂದು ಒಂದು ಹೆಜ್ಜೆ ಜಾರುತ್ತದೆ. ಹಲ್ಲಿಗೆ ವೆಲ್ಡಿಂಗ್ ತುಂಬಿ ಫೈಲ್ ಹೊಡೆಯುವ ಚಳಕ ಕೆಲವರಿಗಿದೆ, ಅದು ಗಟ್ಟಿತನ ಕಳೆದ ಉಕ್ಕು, ನಂಬಬಾರದು. ರಿಕ್ಲೈನರ್ ಪೂರ್ತಿ ಬದಲಿಸಿ.

ಕೂತರೆ ಕುಸಿಯುವುದು, ಸೊಂಟ ನೋವು

ಸೀಟಿನಡಿಗೆ ಕೈಹಾಕಿ ಸ್ಪ್ರಿಂಗುಗಳನ್ನು ಒಂದೊಂದಾಗಿ ಎಳೆದು ನೋಡಿ. ಅಂಕುಡೊಂಕಿನ ಸ್ಪ್ರಿಂಗಿನ ಒಂದು ತುದಿ ಕೊಕ್ಕೆಯಿಂದ ಕಳಚಿದ್ದರೆ ಆ ಬದಿ ತಗ್ಗುತ್ತದೆ. ಎಷ್ಟು ಒಳ್ಳೆಯ ಫೋಮ್ ಹಾಕಿದರೂ ಅಷ್ಟೇ. ಕೊಕ್ಕೆಯ ಜಾಗದಲ್ಲಿ ಪ್ಲಾಸ್ಟಿಕ್ ತೋಳು ಸವೆದು ಹೋಗಿದ್ದರೆ ಕಿರಕಿರ ಸದ್ದೂ ಅಲ್ಲಿಂದಲೇ. ಸ್ಪ್ರಿಂಗ್ ಚೆನ್ನಾಗಿದ್ದು ಕುಸಿತ ನಡುವೆ ಮಾತ್ರ ಇದ್ದರೆ ಫೋಮ್ ಸತ್ತಿದೆ. ಕೂರುವ ಭಾಗಕ್ಕೆ 40ರಿಂದ 50 ಡೆನ್ಸಿಟಿ, ಬೆನ್ನಿಗೆ 32 ಸಾಕು. ಅಂಗಡಿಯವರು ಮೆತ್ತಗಿರಲೆಂದು ಕಡಿಮೆ ಡೆನ್ಸಿಟಿ ತೋರಿಸುತ್ತಾರೆ. ಅಂಗಡಿಯಲ್ಲಿ ಹಿತ, ಹಾಸನ ದಾಟುವ ಹೊತ್ತಿಗೆ ಅಹಿತ. ಸ್ಪ್ರಿಂಗಿಗೂ ಫೋಮಿಗೂ ನಡುವೆ ದಪ್ಪ ಫೆಲ್ಟ್ ಅಥವಾ ತೆಂಗಿನ ನಾರಿನ ಪ್ಯಾಡ್ ಇರಲೇಬೇಕು, ಇಲ್ಲವಾದರೆ ತಂತಿ ಫೋಮನ್ನು ಕೊಯ್ಯುತ್ತದೆ.

ಫೋಮ್, ಸ್ಪ್ರಿಂಗ್ ಎರಡೂ ಸರಿಯಿದ್ದು ನೋವು ಮಾತ್ರ ಒಂದೇ ಬದಿಗಿದ್ದರೆ ಸೀಟಿನ ನಡುಗೆರೆ ಸ್ಟೀರಿಂಗ್‌ನ ನಡುವಿಗೆ ನೇರ ಇದೆಯೇ ಅಳೆಯಿರಿ. ಅಗಲದ ಸೀಟು ಹ್ಯಾಂಡ್‌ಬ್ರೇಕಿಗೆ ತಾಗುತ್ತದೆಂದು ಬಾಗಿಲ ಕಡೆ ಸರಿಸಿರುತ್ತಾರೆ. ಕಾರ್ಖಾನೆಯ ಸೀಟಿನಲ್ಲಿದ್ದ ಅಂತರಕ್ಕಿಂತ 20 ಮಿಮೀ ಹೆಚ್ಚು ಓರೆಯಾದರೂ ಉದ್ದ ಪ್ರಯಾಣದಲ್ಲಿ ಬೆನ್ನು ಹೇಳುತ್ತದೆ. ತಲೆಗೂ ಸೂರಿಗೂ ನಡುವೆ ನಾಲ್ಕು ಬೆರಳು ಹಿಡಿಯದಿದ್ದರೆ ಆ ಸೀಟು ಆ ಗಾಡಿಗಲ್ಲ.

ವೈರಿಂಗ್

ಸೀಟಿನಡಿ ಹಳದಿ ಕನೆಕ್ಟರ್ ಕಂಡರೆ ಕೈ ತೆಗೆಯಿರಿ. ಪಕ್ಕದ ಏರ್‌ಬ್ಯಾಗ್ ಅಥವಾ ಬೆಲ್ಟ್ ಬಿಗಿಯುವ ಮದ್ದಿನ ಕಡ್ಡಿ ಅದರಲ್ಲಿದೆ. ಮಲ್ಟಿಮೀಟರ್ ಹಚ್ಚಿ ಓಮ್ ಅಳೆಯಲು ಹೋಗಲೇಬೇಡಿ, ಮೀಟರಿನ ಸಣ್ಣ ವಿದ್ಯುತ್ತೇ ಸಿಡಿಸಬಹುದು. ಏರ್‌ಬ್ಯಾಗ್ ಇಲ್ಲದ ಹಳೆಯ ಗಾಡಿಗೆ ಏರ್‌ಬ್ಯಾಗ್ ಇರುವ ಸೀಟು ಕೊಳ್ಳುವುದರಲ್ಲಿ ಅರ್ಥವಿಲ್ಲ. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಸೀಟು ಬಿಚ್ಚುವ ಮುಂಚೆ ಬ್ಯಾಟರಿ ತೆಗೆದು ಕನಿಷ್ಠ 10 ನಿಮಿಷ ಕಾಯಿರಿ. ಕನೆಕ್ಟರ್ ಹಾಕದೆ ಇಗ್ನಿಷನ್ ಕೊಟ್ಟರೆ ಎಚ್ಚರಿಕೆ ದೀಪ ಹೊತ್ತಿ ಸ್ಕ್ಯಾನರ್ ಇಲ್ಲದೆ ಆರದಿರಬಹುದು. 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಮುಂದಿನ ಎರಡೂ ಸೀಟಿಗೆ ಬೆಲ್ಟ್ ನೆನಪಿಸುವ ಸದ್ದು ಕಡ್ಡಾಯವಾಗಿರುವುದರಿಂದ ಅಂಥ ಗಾಡಿಯ ಸೀಟಿನಲ್ಲಿ ಒಂದೆರಡು ವೈರು ಹೆಚ್ಚಿರುತ್ತವೆ. 800ಕ್ಕೋ ಝೆನ್‌ಗೋ ಅವು ಬೇಕಿಲ್ಲ, ತುದಿಗೆ ಟೇಪು ಸುತ್ತಿ ಫ್ರೇಮಿಗೆ ಕಟ್ಟಿಡಿ.

ಮೋಟಾರಿನಿಂದ ಸರಿಯುವ ಸೀಟು ಹಾಕಿ ಅದು ತಡವರಿಸುತ್ತಿದ್ದರೆ ಅದರ ಸ್ವಿಚ್ಚು ಒತ್ತಿದ ಕ್ಷಣದಲ್ಲಿ ಕನೆಕ್ಟರಿನಲ್ಲಿ ವೋಲ್ಟ್ ಅಳೆಯಿರಿ. 11ಕ್ಕಿಂತ ಕೆಳಗಿಳಿದರೆ ವೈರು ಸಣ್ಣದು ಅಥವಾ ಅರ್ತ್ ಕೆಟ್ಟಿದೆ. ಸಿಗರೇಟ್ ಲೈಟರಿನ ವೈರಿನಿಂದ ಕದ್ದು ಕೊಡುವುದು ಇದಕ್ಕೆ ಮೂಲ. ಬ್ಯಾಟರಿಯಿಂದಲೇ 4 ಚದರ ಮಿಮೀ ವೈರು, ಬ್ಯಾಟರಿಯ ಹತ್ತಿರವೇ ಫ್ಯೂಸ್, ಅರ್ತ್‌ಗೆ ಬಣ್ಣ ಕೆರೆದ ತಗಡು.

ಕೆಲವು ಗಾಡಿಗಳ ವಿಶೇಷ

ಮಾರುತಿ ಓಮ್ನಿ ವ್ಯಾನಿನಲ್ಲಿ ಎಂಜಿನ್ ಮುಂದಿನ ಸೀಟುಗಳ ಕೆಳಗೇ ಇದೆ. ಅಲ್ಲಿ ಸೀಟು ಎತ್ತುವಂತಿರಬೇಕು, ಶಾಖ ತಡೆಯುವ ಮುಚ್ಚಳ ಜಾಗದಲ್ಲೇ ಉಳಿಯಬೇಕು. ಬಿಗಿದು ಕೂರಿಸಿದ ಬಕೆಟ್ ಸೀಟಿನಿಂದ ಕೂತವರಿಗೆ ಬಿಸಿ, ಮೆಕ್ಯಾನಿಕ್‌ಗೆ ಕೋಪ. ಸ್ಟೀರಿಂಗ್ ಪಕ್ಕ ಗೇರ್ ಇರುವ ಪದ್ಮಿನಿ, ಹಳೆಯ ಅಂಬಾಸಿಡರ್‌ಗಳಲ್ಲಿ ಮುಂದೆ ಉದ್ದ ಬೆಂಚು ಸೀಟು. ಎರಡು ಬೇರೆ ಸೀಟು ಹಾಕಲು ಒಳಬದಿಯ ರೇಲ್‌ಗೆ ನೆಲದಲ್ಲಿ ಜಾಗವೇ ಇರುವುದಿಲ್ಲ, ಸಿಲ್‌ನಿಂದ ಸುರಂಗದವರೆಗೆ ಅಡ್ಡ ತೊಲೆ ಕೊಡದೆ ಮಾಡಿದ ಕೆಲಸವೆಲ್ಲ ಒಂದಲ್ಲ ಒಂದು ದಿನ ತಗಡು ಸೀಳುತ್ತದೆ. ಅದಲ್ಲದೆ ಬೆಂಚು ತೆಗೆದು ಎರಡು ಸೀಟು ಹಾಕಿದರೆ ಕೂರುವವರ ಸಂಖ್ಯೆ ಆರ್‌ಸಿಯಲ್ಲಿರುವ ಸಂಖ್ಯೆಗೆ ಹೊಂದದಿರಬಹುದು. ಅನುಮತಿಯಿಲ್ಲದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 182ಎ ಕಲಮಿನಲ್ಲಿ ಒಂದೊಂದಕ್ಕೂ 5,000 ರೂಪಾಯಿ ದಂಡ, 6 ತಿಂಗಳವರೆಗೆ ಸೆರೆವಾಸಕ್ಕೂ ಅವಕಾಶ ಇದೆ. ಆರ್‌ಟಿಒದಲ್ಲಿ ಮೊದಲೇ ಕೇಳಿಕೊಳ್ಳಿ.

ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲೋ ನಿಮ್ಮೂರಿನದರಲ್ಲೋ ಸೀಟು ಆರಿಸುವಾಗ ರೆಕ್ಸಿನ್ ನೋಡುವ ಮೊದಲು ತಲೆಕೆಳಗು ಮಾಡಿ ನೋಡಿ. ರೇಲ್‌ನ ಉದ್ದಕ್ಕೆ ಒಂದು ಕಣ್ಣು ಮುಚ್ಚಿ ನೋಡಿದರೆ ಬಾಗು ಕಾಣುತ್ತದೆ. ಸ್ಪ್ರಿಂಗಿನ ಮೇಲೆ ಸಮನಾದ ಕಂದು ತುಕ್ಕು, ಫೋಮಿನಲ್ಲಿ ಕೆಸರಿನ ವಾಸನೆ ಇದ್ದರೆ ಪ್ರವಾಹದ ಗಾಡಿ. ನಾಲ್ಕು ಕಾಲು, ಅದರದೇ ಬೋಲ್ಟು, ಲಾಕ್ ತಂತಿ, ಹಿಡಿ ಎಲ್ಲವೂ ಜೊತೆಗೆ ಬರಲಿ. ಚಾಲಕನ ಬದಿಯ ಸೀಟನ್ನು ಎಡಕ್ಕೆ ಹಾಕಲು ಬಾರದು, ಹಿಡಿ ಮತ್ತು ರಿಕ್ಲೈನರ್ ತಪ್ಪು ಬದಿಗೆ ಬರುತ್ತವೆ; ಜೋಡಿಯಾಗಿಯೇ ಕೊಳ್ಳಿ.

ಎಲ್ಲ ಬಿಗಿದಾದ ಮೇಲೆ ಪ್ರತಿ ಬೋಲ್ಟಿನ ತಲೆಯಿಂದ ಬ್ರಾಕೆಟ್‌ಗೆ ಅಡ್ಡವಾಗಿ ಬಿಳಿ ಪೇಂಟಿನ ಒಂದು ಗೆರೆ ಎಳೆಯಿರಿ. ನಿರ್ಜನ ರಸ್ತೆಯಲ್ಲಿ 30 ಕಿಮೀ ವೇಗದಿಂದ ನಾಲ್ಕೈದು ಸಲ ಗಟ್ಟಿ ಬ್ರೇಕ್ ಹಾಕಿ ಗೆರೆ ನೋಡಿ, 100 ಕಿಮೀ ಆದ ಮೇಲೆ ಒಮ್ಮೆ, 1,000 ಕಿಮೀಗೆ ಇನ್ನೊಮ್ಮೆ. ಗೆರೆ ಒಡೆದಿದ್ದರೆ ಸುಮ್ಮನೆ ಮತ್ತೆ ಬಿಗಿಯಬೇಡಿ. ಅದರ ಕೆಳಗೆ ಶಿಮ್ ಜಾರಿದೆಯೇ, ಬಣ್ಣದ ಪದರ ಜಜ್ಜಿದೆಯೇ, ತಗಡು ಕುಗ್ಗಿದೆಯೇ ಎಂದು ಬಿಚ್ಚಿ ನೋಡಿ.